ಬೋಡಿಗೆ ಮತ್ತೆ ರೈಲು ಬಂದ ಮೂರು ದಿನ

ಯಾರದೋ ಊರಿಗೆ ರೈಲು ಬರುತ್ತೆ ಅಂತ ಆಫೀಸಿಗೆ ಎರಡು ದಿನ ರಜೆ ಹಾಕೋದು ಸ್ವಲ್ಪ ಅತಿಯಾಯ್ತು ಅಂತ ಮನೆಯಲ್ಲಿ ಹೇಳಿದರು. ತಪ್ಪೇನಿಲ್ಲ. ಆದರೆ ನನ್ನದೊಂದು ಹಳೇ ಬಾಕಿ ಇತ್ತು. ನಮ್ಮೂರು ಸಾಗರ. ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ಹಳಿಯ ಮೇಲೆ ರೈಲ್‌ಬಸ್ ಕುಲುಕಾಡಿಕೊಂಡು ಹೋಗುತ್ತಿದ್ದ ಕಾಲ ನೋಡಿದವನು ನಾನು. ಆ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿ, ಮತ್ತೆ ಮೊದಲ ರೈಲು ಬಂದ ದಿನ ನಾನು ಮಾತ್ರ ಊರಲ್ಲಿರಲಿಲ್ಲ. ಅಮ್ಮ ಸ್ಟೇಷನ್ನಿನಿಂದ ಫೋನ್ ಮಾಡಿ, ಫೋನನ್ನು ಮೇಲೆತ್ತಿ ಹಿಡಿದು ಹಾರ್ನ್ ಕೇಳಿಸಿದ್ದಳು. ನನ್ನ ಪಾಲಿಗೆ ಬಂದದ್ದು ಅಷ್ಟೇ.

ಹಾಗಾಗಿ ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕ್ಕನೂರಿಗೆ 2023ರ ಜೂನ್ 15ಕ್ಕೆ ಮತ್ತೆ ರೈಲು ಅಂತ ಗೊತ್ತಾದಾಗ ಸುಮ್ನೆ ಕೂರಲಾಗಲಿಲ್ಲ. ಹನ್ನೆರಡು ವರ್ಷ ರೈಲಿಲ್ಲದ ಊರು. ಅಲ್ಲಿ ನನಗೆ ಪರಿಚಯದವರು ಒಬ್ಬರೂ ಇಲ್ಲ. ಬುಧವಾರ ರಾತ್ರಿ ತೂತುಕುಡಿ ಕಡೆಗೆ ಹೋಗುವ ಗಾಡಿಯಲ್ಲಿ ಮೇಲಿನ ಬರ್ತ್ ಸಿಕ್ಕಿತು, ಹತ್ತಿದೆ.

ಗುರುವಾರ

ಮಧುರೆಯಲ್ಲಿ ಇಳಿದಾಗ ಇನ್ನೂ ಒಂದು ಗಂಟೆ ಕೈಯಲ್ಲಿತ್ತು. ಎಂಟೂ ಇಪ್ಪತ್ತಕ್ಕೆ ತೇನಿ ಗಾಡಿ. ರಿಸರ್ವೇಷನ್ ಇಲ್ಲ, ಕೌಂಟರಿನಲ್ಲಿ ಟಿಕೆಟ್ ತಗೊಂಡು ಹತ್ತುವುದು, ಬಸ್ಸಿಗಿಂತ ಎಷ್ಟೋ ಅಗ್ಗ. ಗಾಡಿಯಲ್ಲಿ ತಿನ್ನೋಕೆ ಏನೂ ಬರಲ್ಲ ಅಂತ ಇಡ್ಲಿ ಮಾರುತ್ತಿದ್ದ ಹುಡುಗ ಮೊದಲೇ ಎಚ್ಚರಿಸಿದ. ವ್ಯಾಪಾರದ ಮಾತು ಅಂದುಕೊಂಡೆ, ನಿಜವೇ ಆಗಿತ್ತು. ಎರಡು ಪೊಟ್ಟಣ ತಗೊಂಡಿದ್ದು ಒಳ್ಳೇದಾಯ್ತು.

ಎದುರಿಗೆ ಕೂತಿದ್ದ ಅಕ್ಕನ ಕಾಲ ಬಳಿ ಒದ್ದೆ ಗೋಣಿಯ ಎರಡು ಮೂಟೆ. ಮಧುರೆ ಮಲ್ಲಿಗೆ. ಗೋಣಿಯೊಳಗಿಂದಲೇ ಘಮ ಬೋಗಿ ತುಂಬ ಹರಡಿತ್ತು. ತೇನಿಯಲ್ಲಿ ಇಳಿದು, ಮೂಟೆಗಳನ್ನು ಆಟೋಗೆ ಹಾಕಿ, ಬಸ್ ಸ್ಟ್ಯಾಂಡಿಗೆ ಹೋಗಿ, ಮತ್ತೆ ಬಸ್ಸಿಗೆ ಏರಿಸಿ ಬೋಡಿಗೆ ಒಯ್ಯಬೇಕು. ಕಂಡಕ್ಟರು ಮೂಟೆಗೆ ಬೇರೆ ಟಿಕೆಟ್ ಹರೀತಾನೆ. "ನಾಳೆಯಿಂದ ಇದೇ ಗಾಡಿ ಬೋಡಿಗೇ ಹೋಗುತ್ತಂತೆ ತಂಬಿ. ಇವತ್ತೊಂದು ದಿನ ಹೊತ್ತರೆ ಮುಗೀತು" ಅಂದಳು. ಇವತ್ತು ಬೋಡಿಯಲ್ಲಿ ಹೂವಿಗೆ ಯಾವತ್ತಿಗಿಂತ ಜಾಸ್ತಿ ಕೇಳಿದ್ದಾರಂತೆ. ಎಂಜಿನ್ನಿಗೂ ಹಾಕ್ತಾರಲ್ಲ!

ಉಸಿಲಂಪಟ್ಟಿವರೆಗೆ ಹೇಳಿಕೊಳ್ಳುವಂಥದ್ದೇನಿಲ್ಲ. ಕೆಂಪು ನೆಲ, ತೆಂಗು, ಜಾಲಿ. ಅದಾದ ಮೇಲೆ ಆಂಡಿಪಟ್ಟಿ ಕಣವಾಯ್ ಬರುತ್ತದೆ. ಕಣವಾಯ್ ಅಂದರೆ ನಮ್ಮ ಕಣಿವೆಯೇ. ಎರಡೂ ಕಡೆ ಕೊರೆದ ಬಂಡೆ, ನಡುವೆ ಗಾಡಿ ತಿರುವಿ ತಿರುವಿ ಹೋಗುತ್ತದೆ. ಕೊರೆದ ಬಂಡೆಯ ಬಣ್ಣ ಇನ್ನೂ ಹಸಿಯಾಗಿತ್ತು. ಅಗಲ ಮಾಡಲು ಇಲ್ಲಿ ಸಿಡಿಮದ್ದು ಇಟ್ಟು ಇಟ್ಟು ವರ್ಷಗಟ್ಟಲೆ ಹೋಯ್ತು ಅಂತ ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ತೋರಿಸಿದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಬೋಡಿಯವರೇ. ರಾತ್ರಿ ಸಮಾರಂಭಕ್ಕೆ ಅಂತ ಮಗಳ ಮನೆಯಿಂದ ಹೊರಟು ಬಂದಿದ್ದರು.

ಈ ಹಳಿಯ ಕಥೆ ನನಗೆ ಹೇಳಿದ್ದು ಅವರೇ. ಬೋಡಿಗೆ ಮೊದಲ ರೈಲು ಬಂದದ್ದು 1928ರಲ್ಲಿ, ನ್ಯಾರೋಗೇಜ್. ಎರಡನೇ ಮಹಾಯುದ್ಧ ಶುರುವಾದ ಮೇಲೆ ಕಬ್ಬಿಣ ಬೇಕು ಅಂತ ಹಳಿಯನ್ನೇ ಕಿತ್ತುಕೊಂಡು ಹೋದರು. ಮತ್ತೆ ಮೀಟರ್‌ಗೇಜ್ ಹಾಕಿದ್ದು 1950ರ ದಶಕದಲ್ಲಿ. ಅದು ಓಡಿದ್ದು 2010ರ ಕೊನೆಯವರೆಗೆ. ಬ್ರಾಡ್‌ಗೇಜ್ ಮಾಡ್ತೀವಿ ಅಂತ ಮತ್ತೆ ಕಿತ್ತರು. ಸ್ವಲ್ಪ ದುಡ್ಡು ಬಂದರೆ ಸ್ವಲ್ಪ ಕೆಲಸ. ತೇನಿವರೆಗಿನ 75 ಕಿ.ಮೀ. ಶುರುವಾದದ್ದು 2022ರ ಮೇ ತಿಂಗಳಲ್ಲಿ. ಆಮೇಲೆ ಉಳಿದ ಹದಿನೈದು ಕಿಲೋಮೀಟರಿಗೆ ಇನ್ನೂ ಒಂದು ವರ್ಷ.

"ಎರಡು ಸಲ ಕೊಟ್ಟು ಎರಡು ಸಲ ಕಿತ್ತುಕೊಂಡಿದ್ದಾರೆ. ಕಣ್ಣಲ್ಲಿ ನೋಡೋವರೆಗೆ ನಾನಂತೂ ನಂಬಲ್ಲ" ಅಂದರು ಅವರು. ಅಷ್ಟರಲ್ಲಿ ಗಾಡಿ ಕಣಿವೆ ದಾಟಿತು. ಟವೆಲ್ ಹಾರಿಹೋಗದಂತೆ ಕತ್ತಿಗೆ ಸುತ್ತಿಕೊಂಡರು.

ಆ ಗಾಳಿ ಬಗ್ಗೆ ಹೇಳಲೇಬೇಕು. ಜೂನ್‌ನಲ್ಲಿ ಕೇರಳದ ಮಳೆ ಬೆಟ್ಟದ ಆ ಕಡೆಯೇ ಸುರಿದು ಮುಗಿಯುತ್ತದೆ, ಈ ಕಡೆಗೆ ಬರೋದು ಗಾಳಿ ಮಾತ್ರ. ಆಂಡಿಪಟ್ಟಿ ಬಯಲಿನ ತುಂಬ ಗಾಳಿಯಂತ್ರಗಳು ಗಿರಗಿರ ತಿರುಗುತ್ತಿದ್ದವು. ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಚಿದ ತಲೆಗೂದಲಿನ ಹಾಗೆ. ಈ ದಾರಿಯಲ್ಲಿ ಹೋಗೋರು ಬಲಗಡೆ ಕಿಟಕಿ ಹಿಡಿಯಿರಿ, ಕೊಡೈಕೆನಾಲಿನ ಬೆಟ್ಟದ ಸಾಲು ತೇನಿವರೆಗೂ ಜೊತೆಗೇ ಬರುತ್ತೆ. ಆದರೆ ಬಾಯಿ ಮುಚ್ಚಿಕೊಂಡು ನೋಡಿ. ನನಗೆ ಅರ್ಧ ಇಡ್ಲಿ, ಅರ್ಧ ಧೂಳು ಸಿಕ್ಕಿತು.

ತೇನಿಯಲ್ಲಿ ಮಲ್ಲಿಗೆ ಅಕ್ಕನ ಒಂದು ಮೂಟೆಗೆ ಕೈಹಾಕಿ ಆಟೋಗೆ ಏರಿಸಿದೆ. ಬದಲಿಗೆ ಆಟೋದಲ್ಲಿ ನನಗೂ ಜಾಗ. ಬಸ್ ಸ್ಟ್ಯಾಂಡಿಗೆ ಪೆನ್ನಿಕ್ವಿಕ್ ಹೆಸರು ಇಟ್ಟಿದ್ದಾರೆ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿ ಈ ಕಡೆಗೆ ನೀರು ತಿರುಗಿಸಿದ ಬ್ರಿಟಿಷ್ ಎಂಜಿನಿಯರ್. ಮಂಡ್ಯ ಕಡೆ ವಿಶ್ವೇಶ್ವರಯ್ಯನವರ ಫೋಟೋ ಇರುವ ಹಾಗೆ ಇಲ್ಲಿ ಚಹಾ ಅಂಗಡಿಯಲ್ಲೂ ಈ ಮೀಸೆಯ ದೊರೆಯ ಫೋಟೋ, ಅದಕ್ಕೊಂದು ಹೂವಿನ ಎಳೆ.

ಬೋಡಿಗೆ ಬಂದಾಗ ಮಧ್ಯಾಹ್ನ. ಮೂರೂ ಕಡೆ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಕಪ್ಪು ಮೋಡ, ಊರಲ್ಲಿ ಬಿರು ಬಿಸಿಲು. ಮೂರು ಲಾಡ್ಜ್ ತಿರುಗಿದೆ, ಸಮಾರಂಭಕ್ಕೆ ಬಂದವರಿಂದ ಎಲ್ಲ ಭರ್ತಿ. ನಾಲ್ಕನೆಯದರಲ್ಲಿ ಒಂದು ರೂಮು ಕೊಟ್ಟರು. ಕಿಟಕಿ ಇಲ್ಲ. ಕಿಟಕಿಯ ಚಿತ್ರವಿದ್ದ ಕ್ಯಾಲೆಂಡರ್ ಇತ್ತು.

ಊಟ ಮುಗಿಸಿ ನಾಲ್ಕು ಗಂಟೆಗೇ ಸ್ಟೇಷನ್ನಿಗೆ ಹೋದೆ. ಹೊಸ ಬಣ್ಣದ ವಾಸನೆ. ಪ್ಲಾಟ್‌ಫಾರ್ಮಿನಿಂದ ಬಗ್ಗಿ ಹಳಿ ನೋಡಿದೆ. ರೈಲು ಓಡುವ ಹಳಿಯ ತಲೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಅಲ್ವಾ? ಇದು ಹೊಳೆಯುತ್ತಿರಲಿಲ್ಲ. ಪರೀಕ್ಷೆಗೆ ಅಂತ ಒಂದಷ್ಟು ಸಲ ಎಂಜಿನ್ ಓಡಿಸಿದ್ದು ಬಿಟ್ಟರೆ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿತ್ತು. ತಲೆಯ ಮೇಲೆ ಬೆಲ್ಲದ ಬಣ್ಣದ ತುಕ್ಕು, ನಡುವೆ ಎಲ್ಲೋ ಒಂದು ಕೂದಲೆಳೆಯಷ್ಟು ಬಿಳಿ ಗೆರೆ. ಬೆರಳಿಟ್ಟು ನೋಡೋಣ ಅಂತ ಬಗ್ಗಿದ್ದಕ್ಕೆ ಪೊಲೀಸರೊಬ್ಬರು ಸೀಟಿ ಊದಿದರು.

ಆರು ಗಂಟೆ ಮೇಲೆ ಜನ ಬರತೊಡಗಿದರು. ಅದು ಸಭೆಯ ಜನ ಅಲ್ಲ, ಜಾತ್ರೆಯ ಜನ. ಅಜ್ಜಿಯಂದಿರು ಮೊಮ್ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು. ಶಾಲೆಯ ಹುಡುಗರು ಯೂನಿಫಾರ್ಮ್ ಬಿಚ್ಚದೆ ಬಂದರು. ಹನ್ನೆರಡು ವರ್ಷದೊಳಗಿನ ಒಂದೊಂದು ಮಗುವಿಗೂ ತನ್ನೂರಲ್ಲಿ ರೈಲು ನೋಡುವುದು ಇದೇ ಮೊದಲು. ಒಬ್ಬ ಪೋರ ಅಪ್ಪನ ಹೆಗಲ ಮೇಲಿಂದ "ಇದು ತಿರುಗೋದು ಹೇಗೆ? ಮುಂದೆ ರಸ್ತೆ ಇಲ್ವಲ್ಲ" ಅಂತ ಕೇಳುತ್ತಿದ್ದ. ಹಳಿ ಬೋಡಿಗೇ ಮುಗಿಯುತ್ತದೆ, ಆಚೆಗೆ ಬೆಟ್ಟ. ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುತ್ತಾರೆ ಅಂತ ಅಪ್ಪ ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ.

ಎಂಟೂವರೆಗೆ ಚೆನ್ನೈ ಗಾಡಿ. ವಾರಕ್ಕೆ 3 ದಿನ ಓಡುವ ಇದೇ ಅವತ್ತಿನ ಮದುಮಗ. ಡೀಸೆಲ್ ಎಂಜಿನ್ನಿನ ಮೂತಿ ಹೂವಿನಲ್ಲಿ ಮುಚ್ಚಿಹೋಗಿತ್ತು. ಬೆಳಗ್ಗಿನ ಮಲ್ಲಿಗೆ ಅದರಲ್ಲಿ ಎಲ್ಲಿದೆಯೋ. ಭಾಷಣಗಳಾದವು, ನನಗೊಂದೂ ಕೇಳಿಸಲಿಲ್ಲ. ಬಾವುಟ ತೋರಿಸಿದ್ದೂ ಕಾಣಲಿಲ್ಲ. ಹಾರ್ನ್ ಮಾತ್ರ ಕೇಳಿಸಿತು. ಒಂದು ಉದ್ದ ಹಾರ್ನ್. ಆ ಕ್ಷಣಕ್ಕೆ ಜನ ಕೂಗಿದ್ದು ಸಂತೋಷಕ್ಕೆ ಅನ್ನೋದಕ್ಕಿಂತ, ತಡೆದಿಟ್ಟ ಉಸಿರು ಬಿಟ್ಟ ಹಾಗಿತ್ತು. ಪಟಾಕಿ ಹೊತ್ತಿತು. ನೂಕಾಟ ಶುರುವಾಯಿತು. ನನ್ನ ಬಲಗಾಲಿನ ಚಪ್ಪಲಿ ಹೋಯಿತು.

ಆ ಗಲಾಟೆಯಲ್ಲೇ ಅಮ್ಮನಿಗೆ ಫೋನ್ ಹಚ್ಚಿ ಮೇಲೆತ್ತಿ ಹಿಡಿದೆ. ಹಳೇ ಬಾಕಿ ತೀರಿಸೋಣ ಅಂತ. ಅಮ್ಮ ಆ ಕಡೆಯಿಂದ, "ಎಂತ ಮಾರಾಯ ಅದು, ಪಟಾಕಿ? ಯಾರ ಮದುವೆಗೆ ಹೋಗಿದ್ದೀಯ?" ಅಂದಳು. ಎರಡನೇ ಹಾರ್ನಿಗೆ ಕಾಯುವಷ್ಟರಲ್ಲಿ ಬ್ಯಾಟರಿ ಸತ್ತಿತು.

ಜನ ಕರಗಿದ ಮೇಲೂ ಪಂಚೆಯ ಹಿರಿಯರು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಿದ್ದರು. "ನೋಡಿದ್ರಾ ಅಯ್ಯಾ, ಬಂತಲ್ಲ" ಅಂದೆ.

"ಹೋಯ್ತು. ಹೋಗಿದ್ದನ್ನ ನೋಡಿದೆ. ಬರೋದನ್ನ ನಾಳೆ ನೋಡ್ತೀನಿ."

ಒಂದೇ ಚಪ್ಪಲಿಯಲ್ಲಿ ನಡೆಯುವುದಕ್ಕಿಂತ ಬರಿಗಾಲೇ ವಾಸಿ ಅಂತ ಉಳಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ರೂಮಿಗೆ ನಡೆದೆ.

ಶುಕ್ರವಾರ

ಕಿಟಕಿ ಇಲ್ಲದ ರೂಮಿನಲ್ಲಿ ಬೆಳಗಾದದ್ದು ಹೇಗೆ ಗೊತ್ತಾಗಬೇಕು? ಜೀಪಿನ ಸದ್ದಿಗೆ ಎದ್ದೆ. ಇನ್ನೂ ಕತ್ತಲು. ಬೀದಿಯಲ್ಲಿ ಸಾಲಾಗಿ ಜೀಪು, ಒಂದೊಂದರಲ್ಲೂ ಹೆಂಗಸರು ಒತ್ತಾಗಿ ಕೂತಿದ್ದಾರೆ. ಕೈಯಲ್ಲಿ ಬುತ್ತಿ, ತಲೆಗೆ ಬಟ್ಟೆ, ಸೀರೆಯ ಮೇಲೊಂದು ಗಂಡಸರ ಅಂಗಿ. ಬೆಟ್ಟದ ಮೇಲೆ, ಕೇರಳದ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವವರು. ದಿನಾ ಹತ್ತುತ್ತಾರೆ, ದಿನಾ ಇಳಿಯುತ್ತಾರೆ. ಚಹಾ ಅಂಗಡಿ ಮುಂದೆ ನಿಂತ ಜೀಪಿನ ಒಬ್ಬ ಅಜ್ಜಿಯನ್ನು ನಿನ್ನೆ ರೈಲು ನೋಡೋಕೆ ಬಂದಿದ್ರಾ ಅಂತ ಕೇಳಿದೆ. "ಬಂದಿದ್ದೆ. ಚೆನ್ನಾಗಿತ್ತು" ಅಂದಳು. ಆಮೇಲೆ ಬೆಟ್ಟದ ಕಡೆ ಕೈತೋರಿಸಿ, "ಅದು ಆ ಕಡೆ ಹೋಗಲ್ವಲ್ಲ" ಅಂತ ನಕ್ಕಳು. ಜೀಪು ಹೊರಟಿತು.

ದಿನಾ ಓಡಾಡುವವರು ಅಂದರೆ ನಾವು ರೈಲಿನ ಪಾಸಿನವರನ್ನು ನೆನೆಯುತ್ತೇವೆ. ಈ ಊರಿನಲ್ಲಿ ದಿನಾ ಓಡಾಡುವವರ ಗಾಡಿ ಮೊದಲಿಂದಲೂ ಜೀಪು.

ಅಂಗಡಿ ತೆಗೆಯೋವರೆಗೆ ಬರಿಗಾಲಲ್ಲೇ ಬಜಾರು ಸುತ್ತಿದೆ. ಏಲಕ್ಕಿ ಮಂಡಿಗಳ ಬೀದಿ ಹುಡುಕೋಕೆ ದಾರಿ ಕೇಳಬೇಕಿಲ್ಲ, ಮೂಗು ಸಾಕು. ಒಂದು ಮಂಡಿಯ ಜಗುಲಿಯಲ್ಲಿ ಐದಾರು ಹೆಂಗಸರು ಕಾಯಿ ಆರಿಸುತ್ತಿದ್ದರು. ನೋಡಬಹುದಾ ಅಂದೆ, ಕೂರಿ ಅಂದರು. ಮೊದಲು ಜರಡಿ. 8 ಎಂಎಂ ತೂತಿನ ಮೇಲೆ ನಿಂತದ್ದು ದಪ್ಪ ಕಾಯಿ, ಅದಕ್ಕೇ ಬೆಲೆ. ಆಮೇಲೆ ಮೊರ. ಮೊರವನ್ನು ಸ್ವಲ್ಪ ಓರೆ ಮಾಡಿ ಅಲ್ಲಾಡಿಸುತ್ತ ಬಾಯಿ ಬಿಟ್ಟ ಕಾಯಿ, ಬಿಳಿಚಿದ ಕಾಯಿ, ಹುಳು ಕೊರೆದ ಕಾಯಿ ಎಲ್ಲವನ್ನೂ ಎರಡು ಬೆರಳಿನಲ್ಲಿ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಕಣ್ಣು ಮೊರದ ಮೇಲಿರಲ್ಲ. ನನ್ನ ಜೊತೆ ಮಾತಾಡುತ್ತಲೇ ಬೆರಳು ತನ್ನ ಪಾಡಿಗೆ ಆರಿಸುತ್ತಿತ್ತು. ನಾನೂ ಒಂದು ಹಿಡಿ ಆರಿಸಿ ಕೊಟ್ಟೆ. ಅದರಿಂದ ಆರು ಕಾಯಿ ತೆಗೆದು ಎಸೆದರು.

ಮಸಾಲೆ ಮಂಡಳಿಯ ಏಲಕ್ಕಿ ಹರಾಜು ನಡೆಯೋದು ಈ ಊರಲ್ಲಿ, ಇಲ್ಲದಿದ್ದರೆ ಬೆಟ್ಟದ ಆ ಕಡೆ ಪುಟ್ಟಡಿಯಲ್ಲಿ. ದೇಶದ ಎಷ್ಟೋ ಮನೆಗಳ ಪಾಯಸದ ಏಲಕ್ಕಿ ಇಲ್ಲಿಂದ ದಾಟಿ ಹೋಗಿರುತ್ತದೆ. ಆದರೆ ಬೋಡಿಯಲ್ಲಿ ಮೂರು ದಿನ ಕುಡಿದ ಒಂದು ಚಹಾದಲ್ಲೂ ಏಲಕ್ಕಿ ಇರಲಿಲ್ಲ. ಶುಂಠಿ ಹಾಕ್ತಾರೆ. ಯಾಕೆ ಅಂತ ಕೇಳಿದ್ದಕ್ಕೆ ಅಂಗಡಿಯವನು ನನ್ನನ್ನು ಹುಚ್ಚನ ಹಾಗೆ ನೋಡಿದ. ಏಲಕ್ಕಿ ಮಾರೋದಕ್ಕೆ!

ಚಪ್ಪಲಿ ಕೊಂಡು ಹತ್ತೂಕಾಲಿಗೆ ಸ್ಟೇಷನ್ನಿಗೆ ಓಡಿದೆ. ಇವತ್ತು ವೇದಿಕೆ ಇಲ್ಲ, ಮೈಕಿಲ್ಲ. ನೂರಿನ್ನೂರು ಜನ ಇದ್ದರೇನೋ. ಮಧುರೆಯಿಂದ ಬರುವ ಗಾಡಿ ಹತ್ತೂವರೆಗೆ ಬರಬೇಕು. ಪಂಚೆಯ ಹಿರಿಯರು ಅದೇ ತುದಿಯಲ್ಲಿದ್ದರು. ದೂರದಲ್ಲಿ ದೀಪ ಕಂಡಿತು. ತೆಂಗಿನ ತೋಟಗಳ ನಡುವಿನಿಂದ ನಿಧಾನಕ್ಕೆ, ಯಾವ ಆತುರವೂ ಇಲ್ಲದೆ ಬಂತು. ದಿನಾ ಬರುವ ಗಾಡಿಯ ಹಾಗೇ ಬಂತು. ನನಗೆ ನಿನ್ನೆಯ ಸಂಭ್ರಮಕ್ಕಿಂತ ಇದೇ ಹಿಡಿಸಿತು. ಜನ ಇಳಿದರು. ಮಲ್ಲಿಗೆ ಅಕ್ಕ ಇಳಿದಳು, ಮೂಟೆ ಸಮೇತ. ನನ್ನ ಗುರುತು ಹಿಡಿದು, "ನೋಡು ತಂಬಿ, ಆಟೋ ಇಲ್ಲ, ಬಸ್ಸಿಲ್ಲ" ಅಂದಳು.

ಎಲ್ಲರೂ ಅವಳಷ್ಟು ಖುಷಿಯಾಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮೇಷ್ಟರೊಬ್ಬರು ಲೆಕ್ಕ ಹಾಕಿ ತೋರಿಸಿದರು. ಗಾಡಿ ಮಧುರೆಯಿಂದ ಬರೋದು ಬೆಳಗ್ಗೆ ಹತ್ತೂವರೆಗೆ. ವಾಪಸ್ ಹೊರಡೋದು ಸಂಜೆ ಐದೂ ಐವತ್ತಕ್ಕೆ. ಮಧುರೆಯವರು ಬೋಡಿಗೆ ಬಂದು ಕೆಲಸ ಮುಗಿಸಿಕೊಂಡು ಹೋಗಬಹುದು. ಆದರೆ ಮಧುರೆಗೆ ಆಸ್ಪತ್ರೆ, ಕಾಲೇಜು, ಕೋರ್ಟು ಅಂತ ಹೋಗಬೇಕಾದವರು ಬೋಡಿಯವರಲ್ವಾ? ಅವರು ಸಂಜೆ ಹೊರಟು ರಾತ್ರಿ ಎಂಟರ ಹತ್ತಿರ ಮಧುರೆಯಲ್ಲಿ ಇಳಿದು ಏನು ಮಾಡಬೇಕು? "ರೈಲು ಕೊಟ್ಟಿದ್ದಾರೆ, ತಿರುಗಿಸಿ ಕೊಟ್ಟಿದ್ದಾರೆ" ಅಂದರು. ಬೆಳಗ್ಗೆ ಇಲ್ಲಿಂದ ಹೊರಡುವ ಒಂದು ಗಾಡಿಗೆ ಅರ್ಜಿ ಬರೆಯೋದು ಆಗಲೇ ಶುರುವಾಗಿತ್ತು. ರೈಲು ಬಂದು ಒಂದು ದಿನವೂ ಆಗಿಲ್ಲ, ದೂರು ಹುಟ್ಟಿದೆ. ಇನ್ನು ಇದು ಈ ಊರಿನದೇ ರೈಲು, ಅನುಮಾನವಿಲ್ಲ ಅನ್ನಿಸಿತು.

ಮಧ್ಯಾಹ್ನ ಬೋಡಿಮೆಟ್ಟಿಗೆ ಬಸ್ಸು ಹಿಡಿದೆ. ಇದು ಮುನ್ನಾರಿಗೆ ಹೋಗುವ ದಾರಿ, 17 ಹೇರ್‌ಪಿನ್ ತಿರುವು. ಬುಡದಲ್ಲಿ ಮಾವು, ತೆಂಗು, ಸೆಕೆ. ನಾಲ್ಕೈದು ತಿರುವಾದ ಮೇಲೆ ಕಿವಿ ಕಟ್ಟಿತು. ಹತ್ತು ದಾಟಿದ ಮೇಲೆ ಮಂಜು. ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂದು ನಮ್ಮ ಬಸ್ಸು ಹಿಂದಕ್ಕೆ ಸರಿಯಬೇಕಾಯ್ತು. ಕಂಡಕ್ಟರು ಇಳಿದು "ಬಾ, ಬಾ, ಬಾ" ಅಂತ ತಟ್ಟುತ್ತಿದ್ದ. ನಾನು ಕೂತದ್ದು ಕಣಿವೆಯ ಕಡೆಯ ಕೊನೆ ಸೀಟು. ರೈಲಿನಲ್ಲಿ ಕೊಟ್ಟಂಥ ಬಲಗಡೆ–ಎಡಗಡೆ ಸಲಹೆಗಳನ್ನು ಇಲ್ಲಿ ಕೊಡಲ್ಲ. ಮುಂದಿನ ಸೀಟಲ್ಲಿ ಕೂರಿ, ಅಷ್ಟೇ. ಸ್ವೆಟರ್ ಕೂಡ ಬೇಕು. ನಾನು ಒಯ್ದಿರಲಿಲ್ಲ, ಮೇಲೆ ಇಳಿದ ತಕ್ಷಣ ಹಲ್ಲು ಕಟಕಟ.

ಮೇಲೊಂದು ಚೆಕ್‌ಪೋಸ್ಟು, ಒಂದಷ್ಟು ಅಂಗಡಿ. ಅಲ್ಲಿಂದ ಕೇರಳ. ಮಂಜು ಸರಿದಾಗ ಒಂದು ನಿಮಿಷ ಕೆಳಗಿನ ಬಯಲು ಪೂರಾ ಕಂಡಿತು. ಬೋಡಿ ಒಂದು ಹಿಡಿ ಬಿಳಿ ಮನೆ. ಹಳಿ ಕಾಣಲಿಲ್ಲ, ಎಲ್ಲಿರಬಹುದು ಅಂತ ತೆಂಗಿನ ಸಾಲು ನೋಡಿ ಊಹಿಸಿದೆ.

ಈ ಬೆಟ್ಟಕ್ಕೂ ರೈಲಿಗೂ ಒಂದು ಹಳೇ ನಂಟಿದೆ. ಮುನ್ನಾರಿನ ಚಹಾ ಪೆಟ್ಟಿಗೆಗಳನ್ನು ಸಾಗಿಸಲು 1902ರಲ್ಲಿ ಅಲ್ಲಿ ಒಂಟಿ ಹಳಿಯ ಗಾಡಿ ಮಾಡಿದ್ದರು. ಆಮೇಲೆ 1908ರಲ್ಲಿ ಎರಡಡಿ ಅಗಲದ ಪುಟ್ಟ ರೈಲು. ಅದು ಟಾಪ್ ಸ್ಟೇಷನ್ ಅನ್ನೋ ಜಾಗದವರೆಗೆ ಬರುತ್ತಿತ್ತು. ಅಲ್ಲಿಂದ ಪೆಟ್ಟಿಗೆಗಳು ಹಗ್ಗದ ದಾರಿಯಲ್ಲಿ ತೂಗಾಡುತ್ತ ಕೊಟ್ಟಗುಡಿಗೆ ಇಳಿದು, ಗಾಡಿಯಲ್ಲಿ ಬೋಡಿಗೆ ಬರುತ್ತಿದ್ದವು. 1924ರ ದೊಡ್ಡ ನೆರೆಯಲ್ಲಿ ಮೇಲಿನ ರೈಲು ಕೊಚ್ಚಿಹೋಯಿತು. ಮತ್ತೆ ಕಟ್ಟಲಿಲ್ಲ. ಟಾಪ್ ಸ್ಟೇಷನ್ನಿಗೆ ಹೋಗುವ ಪ್ರವಾಸಿಗರು ಇವತ್ತಿಗೂ ಸ್ಟೇಷನ್ ಎಲ್ಲಿ ಅಂತ ಹುಡುಕುತ್ತಾರೆ. ಮೇಲಿನ ರೈಲು ಹೋದ ನಾಲ್ಕು ವರ್ಷಕ್ಕೆ ಕೆಳಗೆ ಬೋಡಿಗೆ ರೈಲು ಬಂತು. ಎರಡೂ ಒಂದನ್ನೊಂದು ನೋಡಲೇ ಇಲ್ಲ.

ಇಳಿಯುವಾಗ ಕತ್ತಲು. ನಮ್ಮ ಬಸ್ಸಿನ ಹಿಂದೆಯೇ ಜೀಪುಗಳು ಒಂದರ ಹಿಂದೊಂದು ದೀಪ ಹಾಕಿಕೊಂಡು ಇಳಿಯುತ್ತಿದ್ದವು.

ಶನಿವಾರ

ಸಂಜೆವರೆಗೆ ಹೊತ್ತಿತ್ತು. ಕಂಬಂ ನೋಡಿ ಬರೋಣ ಅಂತ ಹೊರಟೆ, ಬೋಡಿಯಿಂದ ಸುಮಾರು 40 ಕಿ.ಮೀ. ದಾರಿಯುದ್ದಕ್ಕೂ ಬಾಳೆ, ಗದ್ದೆ, ಆಮೇಲೆ ದ್ರಾಕ್ಷಿ ಚಪ್ಪರ. ಇಲ್ಲಿನ ಪನ್ನೀರ್ ದ್ರಾಕ್ಷಿಗೆ ಅದೇ ವರ್ಷ ಜಿಐ, ಅಂದರೆ ಈ ನೆಲದ್ದೇ ಬೆಳೆ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತ್ತು. ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಮಾರುತ್ತಾರೆ. ಕಪ್ಪು, ಸಣ್ಣ, ಬೀಜ ಇರುವ ದ್ರಾಕ್ಷಿ. ಒಂದು ಕಿಲೋ ತಗೊಂಡೆ, ಬಸ್ಸಿನ ಕುಲುಕಾಟಕ್ಕೆ ಅರ್ಧ ಚೀಲದಲ್ಲೇ ರಸವಾಯಿತು. ಹೊಸ ಚಪ್ಪಲಿಯ ಮೇಲೂ ಬಿತ್ತು.

ಕಂಬಂಗೆ ಹೋದದ್ದು ತಂಬಿರಾನ್ ತೊಳು ನೋಡೋಕೆ. ತೊಳು ಅಂದರೆ ದೊಡ್ಡಿ. ದನದ ದೊಡ್ಡಿಯೇ ಇಲ್ಲಿ ದೇವಸ್ಥಾನ. ನಂದಗೋಪಾಲನ ಹೆಸರಿದೆ, ಒಳಗೆ ವಿಗ್ರಹ ಇಲ್ಲ. ಹರಕೆಗೆ ಬಿಟ್ಟ ದನಗಳು ಇರುತ್ತವೆ. ಅದರಲ್ಲಿ ಒಂದು ಪಟ್ಟದ ಎತ್ತು. ಚಿತ್ರದುರ್ಗ ಕಡೆಯ ದೇವರ ಎತ್ತುಗಳನ್ನು ನೋಡಿದವರಿಗೆ ಇದು ತೀರಾ ಹೊಸದಲ್ಲ.

ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಮುದುಕರು ಮಾತಾಡುತ್ತಿದ್ದರು. ಸ್ವಲ್ಪ ಹೊತ್ತು ತಮಿಳು ಅಂತಲೇ ಕೇಳಿಸಿಕೊಂಡೆ. ನಡುವೆ ಎಲ್ಲೋ "ನೀರು", "ಹೋಗು" ಅನ್ನುವ ಮಾತು ಕಿವಿಗೆ ಬಿತ್ತು. ಇನ್ನೂ ಸ್ವಲ್ಪ ಕಿವಿಗೊಟ್ಟೆ. ಕನ್ನಡ! ರಾಗ ಪೂರಾ ತಮಿಳಿನದು, ಪದ ನಮ್ಮವು. ಈ ಕಣಿವೆಯಲ್ಲಿ ಕಪ್ಪಿಲಿಯರ್ ಅನ್ನುವ ಒಕ್ಕಲಿಗರಿದ್ದಾರೆ, ಮನೆಮಾತು ಕನ್ನಡ ಅಂತ ಓದಿದ್ದೆ. ಕಿವಿಯಿಂದ ಕೇಳುವುದು ಬೇರೆ. ವಿಜಯನಗರದ ಕಾಲದಲ್ಲಿ ದನ ಹೊಡೆದುಕೊಂಡು ಬಂದವರು ನಾವು ಅಂದರು. ಓದುವುದು ಬರೆಯುವುದೆಲ್ಲ ತಮಿಳೇ, ಕನ್ನಡದ ಅಕ್ಷರ ಗೊತ್ತಿಲ್ಲ. ನಾನು ಸ್ವಲ್ಪ ಜೋರಾಗಿ ಮಾತಾಡಿದರೆ ಅವರಿಗೆ ಅರ್ಥವಾಗದು, ಅವರು ಬೇಗ ಮಾತಾಡಿದರೆ ನನಗೆ. ಕೊನೆಗೆ ಇಬ್ಬರೂ ನಿಧಾನಕ್ಕೆ, ಒಂದೊಂದೇ ಪದ ಮುಂದಿಟ್ಟು ಮಾತಾಡಿದೆವು. ಮೊರದಲ್ಲಿ ಕಾಯಿ ಆರಿಸಿದ ಹಾಗೆ.

ಬೋಡಿಗೆ ರೈಲು ಬಂತಲ್ಲ ಅಂದೆ. ಗೊತ್ತು ಅಂದರು. ಮುಖದಲ್ಲಿ ಅಂಥ ಸಂತೋಷ ಕಾಣಲಿಲ್ಲ. ದಿಂಡಿಗಲ್ಲಿನಿಂದ ಕಂಬಂ ಮೇಲೆ, ಕೇರಳ ಗಡಿ ಹತ್ತಿರದ ಲೋವರ್ ಕ್ಯಾಂಪಿಗೆ ರೈಲು ಬೇಕು ಅಂತ ಈ ಕಡೆಯವರು ಕೇಳುತ್ತಲೇ ಇದ್ದಾರೆ. ಶಬರಿಮಲೆಗೆ ಹೋಗುವವರಿಗೂ ಅನುಕೂಲ. "ನಮ್ಮಪ್ಪನ ಕಾಲದಲ್ಲೂ ಬರುತ್ತೆ ಅಂತಿದ್ದರು" ಅಂದರು ಒಬ್ಬರು, ಎತ್ತಿನ ಕಡೆ ನೋಡುತ್ತ. "ನಡೆದು ಬಂದೋರು ನಾವು, ಅವಸರ ಇಲ್ಲ" ಅಂತ ಇನ್ನೊಬ್ಬರು ಸೇರಿಸಿದರು.

ಅವಸರ ನನಗಿತ್ತು. ಹರಟೆಯಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ವಾಪಸ್ ಬರುವ ಬಸ್ಸಿಗೆ ಒಂದು ದೊಡ್ಡ ಆಡಿನ ಮಂದೆ ಅಡ್ಡ ಬಂತು, ಆಮೇಲೆ ಒಂದು ಮೆರವಣಿಗೆ. ತೇನಿಯಲ್ಲೇ ಹತ್ತಿದ್ದರೂ ಆಗುತ್ತಿತ್ತು, ಆದರೆ ಹಳಿ ಶುರುವಾಗುವ ಕಡೆಯೇ ಹತ್ತಬೇಕು ಅಂತ ಹಟ. ಬೋಡಿ ಸ್ಟೇಷನ್ನಿಗೆ ಆಟೋದಲ್ಲಿ ಬಂದಾಗ ಐದೂ ನಲವತ್ತೈದು. ಕೌಂಟರಿನ ಮುಂದೆ ಎಂಟು ಜನ. ಎಲ್ಲರ ಹತ್ತಿರವೂ ಐನೂರರ ನೋಟು. ನನ್ನ ಹತ್ತಿರ ಚಿಲ್ಲರೆ ಇದ್ದದ್ದರಿಂದ ಮುಂದಿದ್ದವರು ನನ್ನನ್ನು ಬಿಟ್ಟುಕೊಟ್ಟರು, ಬದಲಿಗೆ ಇಬ್ಬರಿಗೆ ಚಿಲ್ಲರೆ ಕೊಟ್ಟೆ. ಈ ಊರಿಗೆ ಚಿಲ್ಲರೆ ಇಟ್ಟುಕೊಂಡೇ ಹೋಗಿ.

ಹತ್ತುವ ಮುಂಚೆ ಬಗ್ಗಿ ಹಳಿ ನೋಡಿದೆ. ಬೆಲ್ಲದ ಬಣ್ಣ ಅಂಚಿಗೆ ಸರಿದಿತ್ತು. ನಡುವೆ ಬೆರಳಗಲ ಹೊಳಪು. ಇವತ್ತು ಸೀಟಿ ಊದುವ ಪೊಲೀಸರಿರಲಿಲ್ಲ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಪಂಚೆಯ ಹಿರಿಯರೂ ಇರಲಿಲ್ಲ. ಆ ಜಾಗದಲ್ಲಿ ಒಬ್ಬ ಹುಡುಗ ಕಡಲೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದ.

ಬೋಗಿ ಅರ್ಧ ಖಾಲಿ. ತೇನಿಯಲ್ಲಿ ತುಂಬಿತು. ಕಣಿವೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಗಾಳಿ ಸ್ವಲ್ಪ ಇಳಿದಿತ್ತು. ಬಂಡೆಗಳ ನಡುವೆ ಗಾಡಿ ತಿರುಗುವ ಮುಂಚೆ ಡ್ರೈವರ್ ಹಾರ್ನ್ ಹಾಕುತ್ತಾರೆ ಅಂತ ಬರುವಾಗಲೇ ನೋಡಿಕೊಂಡಿದ್ದೆ. ಅಮ್ಮನಿಗೆ ಫೋನ್ ಹಚ್ಚಿದೆ. ಈ ಸಲ ಬ್ಯಾಟರಿ ಪೂರ್ತಿ ಇತ್ತು. ಮಾತಾಡಬೇಡ, ಸುಮ್ನೆ ಕೇಳು ಅಂತ ಹೇಳಿ ಫೋನನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದೆ. ಹಾರ್ನ್ ಉದ್ದಕ್ಕೆ ಬಂತು, ಬಂಡೆಗೆ ಬಡಿದು ಇನ್ನೊಂದು ಸಲ ಬಂತು.

"ಕೇಳಿಸ್ತಾ ಅಮ್ಮಾ?"

"ಕೇಳಿಸ್ತು ಮಾರಾಯ. ಕೈ ಒಳಗೆ ತಗೋ. ಊಟ ಆಯ್ತಾ?"